ಕತ್ತರಿಸಿದ ಬೆರಳು, ಇಳಿದ ಶ್ರುತಿ

‘ಹೆವಿ ಮೆಟಲ್’ ಎಂದೊಡನೆ ಕಿವಿಗಡಚಿಕ್ಕುವ ಗದ್ದಲ, ಉದ್ದ ಕೂದಲು, ಕಪ್ಪು ಉಡುಪು ನೆನಪಾಗುವವರೇ ಹೆಚ್ಚು. ಈ ಗದ್ದಲಕ್ಕೂ ಒಂದು ತವರೂರಿದೆ. ಅದು ಹೀಗೇ ಕೇಳಿಸುವುದಕ್ಕೆ ಕಾರಣವೂ ಇದೆ. ತವರು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆ. ಕಾರಣಗಳಲ್ಲಿ ಮುಖ್ಯವಾದುದು ಒಂದು ಕಾರ್ಖಾನೆ ಅಪಘಾತ.

ಈ ಸಂಗೀತ ಪ್ರಕಾರದ ಮೂಲಪುರುಷರು ಯಾರು ಎಂಬ ಬಗ್ಗೆ ವಾದಗಳಿವೆ. ಲೆಡ್ ಜೆಪೆಲಿನ್, ಡೀಪ್ ಪರ್ಪಲ್ ತಂಡಗಳ ಹೆಸರನ್ನೂ ಹೇಳುವವರಿದ್ದಾರೆ. ಆದರೆ ಹೆಚ್ಚಿನವರು ಬೆರಳು ತೋರುವುದು ‘ಬ್ಲ್ಯಾಕ್ ಸಬ್ಬತ್’ ತಂಡದ ಕಡೆಗೆ. 1970ರಿಂದ 2013ರವರೆಗೆ ಈ ತಂಡ ಹೊರತಂದದ್ದು 19 ಸ್ಟುಡಿಯೊ ಆಲ್ಬಂಗಳು. ಅಷ್ಟರಲ್ಲೂ ಇರುವವನು ಒಬ್ಬನೇ: ಗಿಟಾರ್ ವಾದಕ ಟೋನಿ ಅಯೋಮಿ. ಅಪಘಾತಕ್ಕೆ ಸಿಕ್ಕಿದವನೂ ಅವನೇ.

ಕೆಲಸದ ಕೊನೆಯ ದಿನ

1965ರ ಮಾತು. ಹದಿನೇಳರ ಹುಡುಗ ಅಯೋಮಿ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ವೃತ್ತಿಪರ ವಾದಕನಾಗುವ ಅವಕಾಶ ಸಿಕ್ಕಿತ್ತು. ಅಂದು ಕಾರ್ಖಾನೆಯಲ್ಲಿ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲು ಮನಸ್ಸು ಮಾಡಲಿಲ್ಲ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿಯೇ ಕಳಿಸಿದರು. ಅಂದು ಬಾರದಿದ್ದ ಸಹೋದ್ಯೋಗಿಯ ಬದಲಿಗೆ, ಪರಿಚಯವಿಲ್ಲದ ಯಂತ್ರದ ಮುಂದೆ ನಿಂತ ಹುಡುಗನ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳುಗಳ ತುದಿ ತುಂಡಾಯಿತು.

ಅಯೋಮಿ ಎಡಚ. ಎಡಗೈಯಿಂದ ಮೀಟಿ, ಬಲಗೈಯ ಬೆರಳುಗಳಿಂದ ತಂತಿ ಒತ್ತುವವನು. ಹಾಗಾಗಿ ಹೋದದ್ದು ಸ್ವರ ಹಿಡಿಯುವ ಬೆರಳುಗಳೇ. ವೈದ್ಯರು ಗಿಟಾರ್ ಮರೆತುಬಿಡು ಎಂದರು. ಆಗ ಕಾರ್ಖಾನೆಯ ಮೇಲ್ವಿಚಾರಕ ಜ್ಯಾಂಗೊ ರೈನ್‌ಹಾರ್ಟ್ ಎಂಬ ಜಾಝ್ ವಾದಕನ ಗಿಟಾರ್ ಕೇಳಿಸಿದ. 1928ರಲ್ಲಿ ಬೆಂಕಿಗೆ ಸಿಕ್ಕಿ ಕೈ ಸುಟ್ಟುಕೊಂಡ ಜ್ಯಾಂಗೊ, ಮುಖ್ಯವಾಗಿ ಎರಡೇ ಬೆರಳುಗಳಲ್ಲಿ ಸ್ವರ ಹಿಡಿದು ಜಗತ್ಪ್ರಸಿದ್ಧನಾದವನು.

ಹುಡುಗ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಹಿಡಿತಕ್ಕಾಗಿ ಅದರ ಮೇಲೆ ತೊಗಲಿನ ಚೂರು ಅಂಟಿಸಿದ. ಟೋಪಿಯೊಳಗಿನ ಬೆರಳಿಗೆ ತಂತಿಯ ಸ್ಪರ್ಶ ತಿಳಿಯದು; ಗಟ್ಟಿ ತಂತಿ ಒತ್ತಿದರೆ ನೋವು. ತೆಳುವಾದ ಗಿಟಾರ್ ತಂತಿ ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಬ್ಯಾಂಜೊ ವಾದ್ಯದ ತಂತಿಗಳನ್ನೇ ಗಿಟಾರಿಗೆ ಬಿಗಿದ. ಎಲ್ಲ ಬೆರಳುಗಳನ್ನೂ ಬೇಡುವ ಸಂಕೀರ್ಣ ಸ್ವರಮೇಳಗಳಿಗಿಂತ ಎರಡು ಮೂರು ಸ್ವರಗಳ ದಪ್ಪ ನಾದ ಅವನ ಕೈಗೆ ಒಗ್ಗಿತು. ಹೆವಿ ಮೆಟಲ್‌ನ ವ್ಯಾಕರಣ ಸಿದ್ಧವಾದದ್ದು ಹೀಗೆ, ಇಲ್ಲದ್ದರ ಸುತ್ತ ದಾರಿ ಹುಡುಕುತ್ತ.

ಒಂದು ದಿನ, ಒಂದು ಆಲ್ಬಂ

1968ರಲ್ಲಿ ಅಯೋಮಿಯ ಜೊತೆ ಸೇರಿದವರು ಗಾಯಕ ಓಝಿ ಓಸ್ಬೋರ್ನ್, ಬೇಸ್ ಗಿಟಾರಿನ ಗೀಝರ್ ಬಟ್ಲರ್ ಮತ್ತು ಡ್ರಮ್ಸ್‌ನ ಬಿಲ್ ವಾರ್ಡ್. ನಾಲ್ವರೂ ಆಸ್ಟನ್ನಿನವರೇ. ಓಝಿ ಕಸಾಯಿಖಾನೆಯಲ್ಲಿ ಕೆಲಸ ಮಾಡಿದ್ದವನು. ಇದೇ ಹೆಸರಿನ ಭಯಾನಕ ಚಲನಚಿತ್ರದಿಂದ ತಂಡಕ್ಕೆ ಹೆಸರು ಬಂತು. ಹೆದರಿಕೊಳ್ಳಲು ಜನ ದುಡ್ಡು ಕೊಟ್ಟು ಸಿನಿಮಾಕ್ಕೆ ಹೋಗುವುದಾದರೆ, ಹೆದರಿಸುವ ಸಂಗೀತವನ್ನೇಕೆ ಕೇಳಬಾರದು ಎಂಬುದು ಅವರ ತರ್ಕ.

ಮೊದಲ ಆಲ್ಬಂ ‘ಬ್ಲ್ಯಾಕ್ ಸಬ್ಬತ್’ 1969ರ ಅಕ್ಟೋಬರ್ 16ರಂದು ಲಂಡನ್ನಿನಲ್ಲಿ ಒಂದೇ ದಿನದಲ್ಲಿ ಧ್ವನಿಮುದ್ರಣವಾಯಿತು. ವೇದಿಕೆಯಲ್ಲಿ ನುಡಿಸುತ್ತಿದ್ದುದನ್ನೇ ನುಡಿಸಿ ನಾಲ್ವರೂ ಹೊರಟರು. ಆರಂಭದ ಮಳೆ, ಗುಡುಗು, ಚರ್ಚಿನ ಗಂಟೆಯ ಸದ್ದನ್ನು ನಂತರ ಸೇರಿಸಲಾಯಿತು. ಬಿಡುಗಡೆಯಾದದ್ದು 1970ರ ಫೆಬ್ರುವರಿ 13, ಶುಕ್ರವಾರ. ಪಾಶ್ಚಾತ್ಯರಿಗೆ ಅದು ಅಪಶಕುನದ ದಿನ.

ಮಳೆಯ ಸದ್ದಿನ ಬೆನ್ನಿಗೇ ಬರುವ ಮೊದಲ ಹಾಡಿನಲ್ಲಿ ಗಿಟಾರ್ ನುಡಿಸುವುದು ಮೂರೇ ಸ್ವರ. ನಮ್ಮ ಲೆಕ್ಕದಲ್ಲಿ ಷಡ್ಜ, ಅದರ ತಾರಷಡ್ಜ, ಆಮೇಲೆ ಪ್ರತಿಮಧ್ಯಮ. ಕಲ್ಯಾಣಿ ರಾಗ ಕೇಳಿದವರಿಗೆ ಪ್ರತಿಮಧ್ಯಮ ಹೊಸತಲ್ಲ. ಅಲ್ಲಿ ಅದು ಮಂಗಳಕರ. ಆದರೆ ಷಡ್ಜದೊಡನೆ ಅದಕ್ಕಿರುವ ಅಂತರವನ್ನು ಐರೋಪ್ಯ ಸಂಗೀತಶಾಸ್ತ್ರ ‘ಸಂಗೀತದೊಳಗಿನ ಸೈತಾನ’ ಎಂದು ಕರೆದಿತ್ತು. ಪಂಚಮದ ಆಸರೆಯಿಲ್ಲದೆ, ನಿಧಾನ ಗತಿಯಲ್ಲಿ ಆ ಸ್ವರ ತೂಗಿದಾಗ ಮೂಡುವ ಅಶಾಂತಿಯೇ ತಂಡದ ಮುದ್ರೆಯಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ‘ಪ್ಯಾರನಾಯ್ಡ್’ ಬ್ರಿಟನ್ನಿನಲ್ಲಿ ಮಾರಾಟದ ಮೊದಲ ಸ್ಥಾನಕ್ಕೇರಿತು. ಶೀರ್ಷಿಕೆ ಗೀತೆ, ಆಲ್ಬಂ ಸಾಕಷ್ಟು ಉದ್ದವಿಲ್ಲವೆಂದು ಕೊನೆಗಳಿಗೆಯಲ್ಲಿ ಹೊಸೆದದ್ದು. ಮೊದಲು ಇಡಬೇಕೆಂದಿದ್ದ ಹೆಸರು ‘ವಾರ್ ಪಿಗ್ಸ್’, ಅಂದರೆ ‘ಯುದ್ಧದ ಹಂದಿಗಳು’. ಯುದ್ಧ ಹೂಡುವವರು ಒಬ್ಬರು, ಸಾಯುವ ಬಡವರು ಇನ್ನೊಬ್ಬರು ಎಂಬ ಸಿಟ್ಟಿನ ಹಾಡು ಅದು. ಕಾಲ ವಿಯೆಟ್ನಾಂ ಯುದ್ಧದ್ದು. ಸೈತಾನನ ಆರಾಧಕರೆಂಬ ಅಪವಾದ ತಂಡದ ಬೆನ್ನು ಬಿಡಲಿಲ್ಲ. ಆದರೆ ಹೆಚ್ಚಿನ ಹಾಡುಗಳನ್ನು ಬರೆದ ಬಟ್ಲರ್ ಕ್ಯಾಥೊಲಿಕ್ ಮನೆತನದವನು. ಅವನ ಸಾಲುಗಳಲ್ಲಿ ಸೈತಾನ ಬರುವುದು ಭಯವಾಗಿ, ಪೂಜೆಯಾಗಿ ಅಲ್ಲ.

ಶ್ರುತಿ ಇಳಿದಾಗ

ತಂಡದ ಧ್ವನಿಯಲ್ಲಿ ದೊಡ್ಡ ತಿರುವು 1971ರ ‘ಮಾಸ್ಟರ್ ಆಫ್ ರಿಯಾಲಿಟಿ’. ಬೆರಳ ನೋವು ತಗ್ಗಿಸಲು ಅಯೋಮಿ ಇದರ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿಯನ್ನು ಮೂರು ಸ್ವರಸ್ಥಾನ ಕೆಳಗಿಳಿಸಿದ. ಶ್ರುತಿ ಇಳಿದರೆ ತಂತಿಯ ಬಿಗಿ ಸಡಿಲುತ್ತದೆ. ಒತ್ತಲು ಕಡಿಮೆ ಬಲ ಸಾಕು. ಜೊತೆಗೇ ನಾದ ಮಂದ್ರಕ್ಕೆ ಜಾರಿ ಭಾರವಾಗುತ್ತದೆ. ಬಟ್ಲರನೂ ತನ್ನ ಬೇಸ್ ಗಿಟಾರನ್ನು ಅದಕ್ಕೇ ಹೊಂದಿಸಿದ. ಬೆರಳಿಗೆ ಮಾಡಿಕೊಂಡ ಉಪಶಮನ ಒಂದು ಪ್ರಕಾರದ ಲಕ್ಷಣವಾಯಿತು. ಹತ್ತು ಬೆರಳೂ ನೆಟ್ಟಗಿರುವ ಸಾವಿರಾರು ವಾದಕರು ಇಂದು ಶ್ರುತಿ ಇಳಿಸಿಯೇ ನುಡಿಸುತ್ತಾರೆ.

1972ರ ‘ವಾಲ್ಯೂಮ್ ಫೋರ್’ ಲಾಸ್ ಏಂಜಲಿಸ್‌ನಲ್ಲಿ ತಯಾರಾಯಿತು. ಆಗ ಧ್ವನಿಮುದ್ರಣಕ್ಕಿಂತ ಕೊಕೇನಿಗೇ ಹೆಚ್ಚು ಖರ್ಚಾಯಿತೆಂದು ತಂಡದವರೇ ಹೇಳಿಕೊಂಡಿದ್ದಾರೆ. 1973ರ ‘ಸಬ್ಬತ್ ಬ್ಲಡಿ ಸಬ್ಬತ್’ನಲ್ಲಿ ಹೊಸ ವಾದ್ಯಗಳು ಸೇರಿದವು. 1975ರ ‘ಸ್ಯಾಬೊಟಾಜ್’ ಹೊತ್ತಿಗೆ ಹಳೆಯ ವ್ಯವಸ್ಥಾಪಕರೊಡನೆ ಮೊಕದ್ದಮೆ; ಕೋರ್ಟಿನ ಸಿಟ್ಟು ಹಾಡಿಗೂ ಇಳಿಯಿತು. ನಂತರದ ಎರಡು ಆಲ್ಬಂಗಳಲ್ಲಿ ದಣಿವು ಕೇಳಿಸುತ್ತದೆ. 1979ರಲ್ಲಿ ಓಝಿಯನ್ನು ತಂಡದಿಂದ ಹೊರಹಾಕಲಾಯಿತು.

ಕಂಠ ಹಲವು, ಕೈ ಒಂದು

ಕತೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ರಾನಿ ಜೇಮ್ಸ್ ಡಿಯೊ ಹಾಡಿದ 1980ರ ‘ಹೆವನ್ ಅಂಡ್ ಹೆಲ್’ ತಂಡಕ್ಕೆ ಎರಡನೆಯ ಹುಟ್ಟು ಕೊಟ್ಟಿತು. ಆಮೇಲೆ ಇಯಾನ್ ಗಿಲನ್, ಗ್ಲೆನ್ ಹ್ಯೂಸ್, ಟೋನಿ ಮಾರ್ಟಿನ್ ಸರದಿ. 1986ರ ‘ಸೆವೆಂತ್ ಸ್ಟಾರ್’ ಅಯೋಮಿಯ ಏಕವ್ಯಕ್ತಿ ಆಲ್ಬಂ ಆಗಬೇಕಿತ್ತು. ಮಾರಾಟದ ಲೆಕ್ಕಾಚಾರ ಅದಕ್ಕೆ ತಂಡದ ಹೆಸರು ಅಂಟಿಸಿತು. ಮಾರ್ಟಿನ್ ಹಾಡಿದ ಆಲ್ಬಂಗಳು ಬಹುಕಾಲ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಅವುಗಳಲ್ಲಿ ನಾಲ್ಕು 2024ರಲ್ಲಿ ಮರುಬಿಡುಗಡೆಯಾದಾಗ, ಕಡೆಗಣಿಸಿದ್ದ ಕೇಳುಗರು ಮತ್ತೆ ಕಿವಿಗೊಟ್ಟರು.

ಇಷ್ಟೊಂದು ಜನ ಬಂದುಹೋದ ಮೇಲೂ ಅದೇ ತಂಡವೆನ್ನುವುದು ಹೇಗೆ? ಗಿಟಾರ್ ಕೇಳಿದರೆ ಉತ್ತರ ಸಿಗುತ್ತದೆ. ಕಂಠ ಬದಲಾದರೂ ಆ ಟೋಪಿ ತೊಟ್ಟ ಬೆರಳುಗಳ ನಡೆ ಬದಲಾಗಲಿಲ್ಲ.

ಮತ್ತೆ ಅದೇ ಮಳೆ

2012ರ ಜನವರಿಯಲ್ಲಿ ಅಯೋಮಿಗೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆಯ ನಡುವೆಯೇ ಓಝಿ, ಬಟ್ಲರ್ ಜೊತೆ ಕೊನೆಯ ಆಲ್ಬಂ ‘ಥರ್ಟೀನ್’ ತಯಾರಾಯಿತು. ವಾರ್ಡ್ ಅದರಲ್ಲಿ ಇರಲಿಲ್ಲ. 2013ರ ಜೂನ್‌ನಲ್ಲಿ ಬಂದ ಅದು ಬ್ರಿಟನ್ನಿನಲ್ಲಿ ‘ಪ್ಯಾರನಾಯ್ಡ್’ ನಂತರ ಸುಮಾರು 43 ವರ್ಷಕ್ಕೆ ಮತ್ತೆ ಮೊದಲ ಸ್ಥಾನ ಪಡೆಯಿತು. ಅಮೆರಿಕದಲ್ಲಿ ತಂಡಕ್ಕೆ ಆ ಸ್ಥಾನ ದಕ್ಕಿದ್ದು ಅದೇ ಮೊದಲು.

2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಮೂಲ ನಾಲ್ವರು ಕೊನೆಯ ಬಾರಿಗೆ ಒಟ್ಟಾಗಿ ನುಡಿಸಿದರು. ಗುರುಕಾಣಿಕೆಯಂತೆ ಅಂದು ವೇದಿಕೆ ಏರಿದವರಲ್ಲಿ, 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಾವಿರಾರು ಮಂದಿಯನ್ನು ಕುಣಿಸಿದ್ದ ‘ಮೆಟಾಲಿಕಾ’ ತಂಡವೂ ಇತ್ತು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ನಿಲ್ಲಲಾರದ ಓಝಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಹದಿನೇಳು ದಿನಗಳ ನಂತರ, ಜುಲೈ 22ರಂದು ತೀರಿಕೊಂಡರು.

‘ಥರ್ಟೀನ್’ನ ಕೊನೆಯ ಹಾಡು ಮುಗಿದಾಗ ಕೇಳುವುದು ಮಳೆ, ಗುಡುಗು, ಗಂಟೆ. 1970ರ ಮೊದಲ ಆಲ್ಬಂ ತೆರೆದುಕೊಂಡದ್ದು ಇದೇ ಸದ್ದಿನಿಂದ. ನಡುವಿನ 43 ವರ್ಷಗಳಲ್ಲಿ ಇರುವುದು ಒಬ್ಬ ಕಾರ್ಮಿಕ ಹುಡುಗ ಯಂತ್ರಕ್ಕೆ ಕೊಟ್ಟ ಎರಡು ಬೆರಳ ತುದಿಗಳ ಲೆಕ್ಕ. ಕಾರ್ಖಾನೆ ಅದನ್ನು ಎಂದೋ ಮರೆತಿರಬಹುದು, ಧ್ವನಿಮುದ್ರಿಕೆಗಳು ಮರೆತಿಲ್ಲ.