ಆಗುಂಬೆಗೆ ಹೊರಡುವ ಮುನ್ನ

ಒಮ್ಮೆ ದಸರಾ ರಜೆಯಲ್ಲಿ ದುದ್ದದ ಮಕ್ಕಳನ್ನು ಆಗುಂಬೆಗೆ ಕರೆದೊಯ್ದಿದ್ದೆ. ನಮ್ಮ ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಆಗುಂಬೆಗೆ ಅದರ ಹತ್ತು ಪಟ್ಟು. ಅರಬ್ಬಿ ಸಮುದ್ರದಿಂದ ಬರುವ ಮೋಡಗಳನ್ನು ಪಶ್ಚಿಮ ಘಟ್ಟ ತಡೆಯುವುದೇ ಕಾರಣ. ಅಕ್ಟೋಬರಿನಲ್ಲೂ ಅಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ.

ಇಷ್ಟೆಲ್ಲ ಪಾಠ ಹೇಳಿದ ವಿಜ್ಞಾನದ ಮೇಷ್ಟ್ರು ನಾನೇ ಒಂದು ಮಾತು ಮರೆತಿದ್ದೆ: ಗಾಳಿಯಲ್ಲೇ ತೇವ ತುಂಬಿದ್ದರೆ ಬಟ್ಟೆ ಒಣಗದು. ಎರಡೇ ಜೊತೆ ಬಟ್ಟೆ ತಂದಿದ್ದ ಹುಡುಗನೊಬ್ಬ ರಾತ್ರಿಯಿಡೀ ಒದ್ದೆಯಲ್ಲೇ ನಡುಗಿದ. ತಪ್ಪು ಅವನದಲ್ಲ, ನನ್ನದು.

ಪೋಷಕರೇ, ದಪ್ಪ ಜೀನ್ಸ್ ಬೇಡ. ಬೇಗ ಒಣಗುವ ತೆಳು ಬಟ್ಟೆ ಮೂರು ಜೊತೆ, ಸ್ವೆಟರ್, ರೈನ್‌ಕೋಟ್, ಟಾರ್ಚ್ ಇರಲಿ. ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಅದು ಮಲಗುವಾಗ ಮಾತ್ರ. ಮಕ್ಕಳೇ, ಚೀಲವನ್ನು ನೀವೇ ತುಂಬಿ. ಆಗ ಯಾವುದು ಎಲ್ಲಿದೆಯೆಂದು ಕತ್ತಲಲ್ಲೂ ಕೈಗೆ ಗೊತ್ತಿರುತ್ತದೆ.