ಕರದಂಟಿನ ಡಬ್ಬಿಯಲ್ಲಿ ಗಾಜಿನ ಪಟ್ಟಿ

ಘಟಪ್ರಭಾ ಸ್ಟೇಶನ್ನಿನಲ್ಲಿ ದವಾಖಾನೆಗೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಸಂತೆಯವರ ಕೈಯಲ್ಲಿ ಚೀಲ, ಇವರ ಬಗಲಲ್ಲಿ ಸ್ಕ್ಯಾನಿನ ದೊಡ್ಡ ಲಕೋಟೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲ್ಲೂಕಿನವರು ಇಲ್ಲಿ ಕೂಡುತ್ತಾರೆ. ಒಂದು ಕಡೆಯ ಗಾಡಿ ಕುಡಚಿ ದಾಟಿ, ಕೃಷ್ಣೆಯ ಸೇತುವೆ ದಾಟಿ ಮಿರಜಕ್ಕೆ. ಇನ್ನೊಂದು ಬೆಳಗಾವಿ, ಹುಬ್ಬಳ್ಳಿಯ ಕಡೆಗೆ. ರಾಣಿ ಚೆನ್ನಮ್ಮ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು, ಅಲ್ಲಿ 1973ರಿಂದ ಇರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ.

ಬೆಂಚಿನ ಮೇಲೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ ಹಿರಿಯರೊಬ್ಬರು. ನಿಪ್ಪಾಣಿಯ ತಂಬಾಕಿನ ಸೀಮೆ ಇಲ್ಲಿಂದ ದೂರವಲ್ಲ. ಗಲ್ಲದೊಳಗಿನ ಹುಣ್ಣಿನ ಕಥೆ ಕೇಳಿ ತಿಳಿಯಬೇಕಿಲ್ಲ. ಬೀಳ್ಕೊಡಲು ಬಂದ ಅಳಿಯನಿಗೆ ಸಮಾಧಾನವಿಲ್ಲ.

"ಒಬ್ಬ ಡಾಕ್ಟರು ಹೇಳಿದ ಮ್ಯಾಲ ಮತ್ತೊಬ್ಬರ್ನ ಯಾಕ ಕೇಳೂದು ಮಾವಾ? ಅವರು ಸಿಟ್ಟಾದರ?"

ಉತ್ತರ ಕೊಟ್ಟವಳು ಸೊಸೆ. "ಚೀಟಿ ಬರದ ಕೊಟ್ಟವರು ಅವರ. ದವಡಿ ತಗಿಯೂ ಮಾತೈತಿ, ಮತ್ತೊಂದ ಕಡೆ ತೋರಿಸ್ಕೊಂಡ ಬರ್ರಿ ಅಂದಾರ."

ಅವಳ ಮಡಿಲಲ್ಲಿ ಗೋಕಾಕದ ಕರದಂಟಿನ ಖಾಲಿ ಡಬ್ಬಿ. ಒಳಗೆ ಹತ್ತಿಯಲ್ಲಿ ಸುತ್ತಿದ ಗಾಜಿನ ಪಟ್ಟಿಗಳು. ಪ್ರತಿಯೊಂದರ ನಡುವೆ ಗುಲಾಬಿ-ನೇರಳೆ ಬಣ್ಣದ ತೆಳು ಕಲೆ, ಅಂಚಿನಲ್ಲಿ ಲ್ಯಾಬಿನ ನಂಬರು. ಪಕ್ಕದಲ್ಲಿ ಬೆರಳ ತುದಿಯಷ್ಟು ಮೇಣದ ಬ್ಲಾಕು. ಬಯಾಪ್ಸಿಯಲ್ಲಿ ತೆಗೆದ ತುಣುಕು ಅದರಲ್ಲೇ ಹುದುಗಿದೆ. ಬಿಸಿಲು ತಾಗದಂತೆ ಸೆರಗು ಹೊದಿಸಿದ್ದಾಳೆ.

ನಿಜ ಹೇಳಬೇಕೆಂದರೆ ನಮ್ಮ ಊರುಗಳಲ್ಲಿ ಎರಡನೇ ಅಭಿಪ್ರಾಯಕ್ಕೆ ಬರವಿಲ್ಲ. ಕಟಿಂಗ್ ಅಂಗಡಿಯಲ್ಲಿ ಒಂದು, ಕಬ್ಬಿನ ಗದ್ದೆಯ ಬದುವಿನಲ್ಲಿ ಒಂದು, ಬೀಗರ ಮನೆಯಲ್ಲಿ ನಾಲ್ಕು. "ಸೂಜಿ ಹಾಕಿದರ ಗಡ್ಡಿ ಹಬ್ಬತೈತಿ" ಎಂಬ ಮಾತಿಗೆ ಹೆದರಿ ಬಯಾಪ್ಸಿ ತಪ್ಪಿಸಿಕೊಂಡು, ಬೇರು-ನಾರಿನ ಔಷಧಿಗೆ ತಿಂಗಳು ಕಳೆದವರು ಎಷ್ಟೋ ಮಂದಿ. ಅದು ಎರಡನೇ ಅಭಿಪ್ರಾಯವಲ್ಲ, ಕಾಲಹರಣ. ನಿಜವಾದ ಎರಡನೇ ಅಭಿಪ್ರಾಯ ಕೊಡುವ ಕ್ಯಾನ್ಸರ್ ಪರಿಣತರು ಅದೇ ಗಾಜನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಗಡ್ಡೆ ಯಾವ ಜಾತಿಯದು, ಎಷ್ಟು ಹಬ್ಬಿದೆ, ಮೊದಲು ಆಪರೇಶನ್ನೋ ಕೀಮೋನೋ ಎಂದು ತೂಗುತ್ತಾರೆ. ಕೆಲವೊಮ್ಮೆ ಮೊದಲಿನ ಮಾತೇ ಗಟ್ಟಿಯಾಗುತ್ತದೆ. ಅದೂ ಲಾಭವೇ; ಮನೆಮಂದಿ ಒಂದೇ ಮನಸ್ಸಿನಿಂದ ಚಿಕಿತ್ಸೆಗೆ ನಿಲ್ಲುತ್ತಾರೆ.

ದಾರಿಯೂ ಈಗ ಹತ್ತಿರವಾಗಿದೆ. ಮಿರಜದಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ. ಬೆಳಗಾವಿಯಲ್ಲಿ ಕೆಎಲ್ಇಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಮುಂಬಯಿಯ ಟಾಟಾ ಆಸ್ಪತ್ರೆಯ ಹೆಸರನ್ನು ಈ ಭಾಗದ ಅಜ್ಜಿಯರೂ ಬಲ್ಲರು.

ಡಾಕ್ಟರು ಸಿಟ್ಟಾಗುತ್ತಾರೆಂಬ ಅಂಜಿಕೆ ಬೇಡ. ರೋಗಿ ಕೇಳಿದರೆ ದಾಖಲೆಗಳನ್ನು 72 ತಾಸಿನೊಳಗೆ ಕೊಡಬೇಕೆಂದು ವೈದ್ಯರ ನಡತೆಯ 2002ರ ನಿಯಮಾವಳಿಯೇ ಹೇಳುತ್ತದೆ. ಕೇಳುವುದಿದ್ದರೆ ಕತ್ತರಿ ಆಡುವ ಮೊದಲು, ಮೊದಲ ಕೀಮೋ ಏರುವ ಮೊದಲು ಕೇಳಿ. ಎಷ್ಟು ದಿನ ತಡೆಯಬಹುದೆಂದು ಈಗಿನ ಡಾಕ್ಟರನ್ನೇ ವಿಚಾರಿಸಿ. ಹೊರಡುವಾಗ ರಿಪೋರ್ಟಿನ ಜೊತೆ ಸ್ಲೈಡು, ಬ್ಲಾಕು, ಸ್ಕ್ಯಾನಿನ ಸಿಡಿ ಇಸಿದುಕೊಳ್ಳುವುದನ್ನು ಮರೆಯಬೇಡಿ.