ಹತ್ತು ವರ್ಷ, ಒಂದೇ ಅಂಗಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಮೈದಾನಕ್ಕೆ ಹೋದರೆ ವಾಲಿಬಾಲ್ ನೆಟ್ಟು ಕಾಣುತ್ತದೆ, ಕ್ರಿಕೆಟ್ಟಿನ ಸ್ಟಂಪು ಕಾಣುತ್ತದೆ. ಫುಟ್‌ಬಾಲ್ ಕಾಣುವುದು ಅಪರೂಪ. ಕಂಡರೂ ಹುಡುಗರು ಚಪ್ಪಲಿ ಬದಿಗೆ ಬಿಟ್ಟು, ಮಣ್ಣು ಮೆತ್ತಿದ ಬರಿಗಾಲಲ್ಲೇ ಒದೆಯುತ್ತಿರುತ್ತಾರೆ. ಆಗೆಲ್ಲ ನನಗೆ ಬೆಂಗಳೂರಿನ ಅಹ್ಮದ್ ಖಾನ್ ನೆನಪಾಗುತ್ತಾರೆ.

1926ರ ಡಿಸೆಂಬರ್ 24ರಂದು ಹುಟ್ಟಿದ ಅಹ್ಮದ್, 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತದ ಫುಟ್‌ಬಾಲ್ ತಂಡದಲ್ಲಿದ್ದರು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಫ್ರಾನ್ಸ್ ಎದುರು ಆಡಿದರು. ಎರಡು ಪೆನಾಲ್ಟಿ ವ್ಯರ್ಥವಾಗಿ 2–1ರಿಂದ ಸೋತರು. ಚೆಂಡನ್ನು ಕಾಲಲ್ಲೇ ಆಡಿಸುತ್ತ ಎದುರಾಳಿಯನ್ನು ಮರುಳುಮಾಡುತ್ತಿದ್ದ ಅಹ್ಮದ್‌ಗೆ ಹಾವಾಡಿಗ ಎಂಬ ಅಡ್ಡಹೆಸರು ಅಂಟಿಕೊಂಡಿತು.

1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಜೊತೆಗೆ ಇವರು. ಐವರೂ ದಕ್ಷಿಣದವರು. ಬಂಗಾಳದ ಜನ ಇವರನ್ನು ಪಂಚಪಾಂಡವರು ಎಂದೇ ಕರೆದರು. 1949, 1950, 1951, ಮೂರೂ ವರ್ಷ ಐಎಫ್‌ಎ ಶೀಲ್ಡ್ ಅವರದೇ.

ಸೀಸನ್ ಮುಗಿದರೆ ಈ ಕ್ಲಬ್ಬಿನಿಂದ ಆ ಕ್ಲಬ್ಬಿಗೆ ಹಾರುವುದು ಕಲ್ಕತ್ತೆಯಲ್ಲಿ ಮಾಮೂಲು. ಅಹ್ಮದ್ ಹಾರಲಿಲ್ಲ. ಭಾಷೆ ಬೇರೆ, ಊಟ ಬೇರೆ, ಮನೆಯೋ ದೂರದ ಬೆಂಗಳೂರಲ್ಲಿ. ಆದರೂ 1959ರವರೆಗೆ ಅದೇ ಕೆಂಪು–ಹಳದಿ ಅಂಗಿ. ಗೆದ್ದ ಕಪ್ಪುಗಳಿಗಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮ ಭಾಗದವರಿಗೆ ಇಲ್ಲೊಂದು ತಮಾಷೆಯೂ ಇದೆ. ಆಗ ಕೊಪ್ಪಳ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಹಾಗಾಗಿ ನಮ್ಮ ರಾಜ್ಯದ ದೊಡ್ಡ ತಂಡವೆಂದರೆ ಕೋಚ್ ರಹೀಂ ಸಾಹೇಬರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆ ವರ್ಷದ ಡುರಾಂಡ್ ಕಪ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಮಣಿಸಿದ್ದು ಅದೇ ಪೊಲೀಸರನ್ನು! ನಿನ್ನೆವರೆಗೆ ನಮ್ಮದಾಗಿದ್ದ ತಂಡಕ್ಕೆ ಮರುಗಬೇಕೋ, ಆಗಷ್ಟೇ ನಮ್ಮ ರಾಜ್ಯದವರಾದ ಅಹ್ಮದ್ ತಂಡಕ್ಕೆ ಚಪ್ಪಾಳೆ ತಟ್ಟಬೇಕೋ? ನಮ್ಮ ಹಿರಿಯರು ಏನು ಮಾಡಿದರೋ ಕಾಣೆ.

ಇನ್ನೊಂದು ಸಂಗತಿ ಹೇಳಲೇಬೇಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಆ ಚಳಿಯಲ್ಲೂ ನಮ್ಮವರಲ್ಲಿ ಹಲವರದು ಬರಿಗಾಲು. ಯುಗೊಸ್ಲಾವಿಯಾ ಹತ್ತು ಗೋಲು ಬಾರಿಸಿತ್ತು. ಆಟ ಮುಗಿಯಲು ಇನ್ನೊಂದೇ ನಿಮಿಷ. ಮಿಕ್ಕವರಾದರೆ ಶಿಳ್ಳೆ ಯಾವಾಗ ಕೇಳೀತೆಂದು ಕಾಯುತ್ತಿದ್ದರೇನೋ. 89ನೇ ನಿಮಿಷದಲ್ಲಿ ಭಾರತ ಒಂದು ಗೋಲು ಹೊಡೆಯಿತು. ಹೊಡೆದವರು ಅಹ್ಮದ್ ಖಾನ್.

2017ರ ಆಗಸ್ಟ್ 27ರಂದು ಬೆಂಗಳೂರಲ್ಲೇ ತೀರಿಕೊಂಡಾಗ ಅವರಿಗೆ 90 ವರ್ಷ.